ಬೆಳಕಿನ ವೇಗದ ಹೆಂಡತಿ

ಮಳೆಯಿಲ್ಲ, ಮೋಡವಿಲ್ಲ, ಸುಡುವ ಬಿಸಿಲೂ ಇಲ್ಲ. ಆದರೂ ನಮ್ಮೂರ ಟಾಕೀಸು ರಸ್ತೆಯಲ್ಲಿ ಬಿಚ್ಚಿದ ಕರಿಯ ಕೊಡೆಯೊಂದು ನಡೆದು ಬರುತ್ತಿತ್ತು. ಅದರ ಅಂಚು ಎಷ್ಟು ಕೆಳಗಿಳಿದಿರುತ್ತಿತ್ತೆಂದರೆ, ನಮಗೆ ಕಾಣುತ್ತಿದ್ದುದು ಒಂದು ಬಿಳಿಯ ಗಡ್ಡದ ತುದಿ, ಒಂದು ಅಂಗಿ, ಒಂದು ಜೊತೆ ಚಪ್ಪಲಿ. ಎದುರಿಗೆ ಯಾರಾದರೂ ಹೆಂಗಸರು ಬಂದರಂತೂ ಕೊಡೆ ಇನ್ನೂ ಒಂದು ಗೇಣು ಇಳಿದು, ಮನುಷ್ಯನೇ ಮಾಯವಾಗಿ, ಕೊಡೆಗೆ ಕಾಲು ಬಂದಂತೆ ಕಾಣುತ್ತಿತ್ತು.

ನನಗೆ ಇದಕ್ಕಿಂತ ಬೇಕೇ? ಕಾಲೇಜಿಗೆಂದು ಹೊರಟು ಟಾಕೀಸು ಸೇರುತ್ತಿದ್ದ ಕಾಲ ಅದು. ಹಸಿವಾದರೂ ಡೈಲಾಗಿನಲ್ಲೇ ಹೇಳುತ್ತಿದ್ದೆ. ಒಂದು ದಿನ ಕಟ್ಟೆಯ ಮೇಲೆ ನಿಂತು, ಎದೆಯಿಂದ ದನಿ ತೆಗೆದು ಗುಡುಗಿದೆ: "ಬರುತ್ತಿದ್ದಾನೆ! ಭೂಮಿಗೆ ಇಳಿದು ಬರುತ್ತಿದ್ದಾನೆ! ಸೂರ್ಯನಿಗೇ ಮುಖ ತೋರಿಸದ ಗಂಡು!"

ಗೆಳೆಯರು ಬಿದ್ದು ಬಿದ್ದು ನಕ್ಕರು. ಕೊಡೆ ನಿಂತಿತು. ಒಳಗಿನಿಂದ ಒಡೆದ ದನಿಯೊಂದು ಬಂತು.

"ಉಸಿರು ತಪ್ಪಾಯ್ತು ಕಣಯ್ಯಾ. ಸೂರ್ಯನಿಗೇ ಅಂದ್ಮೇಲೆ ಒಂಚೂರು ನಿಲ್ಲು. ಜನ ಕಾಯ್ಬೇಕು. ಮಾತಲ್ಲಿ ಏನಿದೆ, ನಿಲ್ಲೋದ್ರಲ್ಲಿರೋದು ಎಲ್ಲ."

ಹೇಳಿ, ಹೊರಟೇ ಹೋಯಿತು.

ಅವರು ಪದ್ಮರಾಜಯ್ಯ, ಊರ ಬಾಯಲ್ಲಿ ರಾಕೆಟ್ ಪದ್ಮಣ್ಣ. ನಿರ್ಮಾಪಕರಿಲ್ಲದೆ, ಸ್ಟುಡಿಯೋ ಇಲ್ಲದೆ, ಮನೆಯ ಹಿತ್ತಲಲ್ಲೇ ಗ್ರಹತಾರೆಗಳ ಸಿನಿಮಾ ತೆಗೆಯುತ್ತಿದ್ದರು. ಜೊತೆಗಿದ್ದವರು ಕ್ಯಾಮೆರಾದ ಜಬ್ಬಾರ್ ಸಾಹೇಬರೊಬ್ಬರೇ. ಹಾಲಿನ ಕ್ಯಾನುಗಳೇ ಅವರ ನೌಕೆಯ ಎಂಜಿನ್ನು, ಹಳೆಯ ಹಾರ್ಮೋನಿಯಮ್ಮಿನ ಮನೆಗಳೇ ಅದನ್ನು ನಡೆಸುವ ಗುಂಡಿಗಳು. 'ಚಂದ್ರನ ಮೇಲೊಬ್ಬ ದರ್ಜಿ' ಎಂಬ ಚಿತ್ರದಲ್ಲಿ ಬಾಹ್ಯಾಕಾಶದ ಉಡುಪು ಹರಿದುಕೊಂಡ ಯಾತ್ರಿಕರು ಒಬ್ಬ ಮುದುಕ ದರ್ಜಿಯ ಮುಂದೆ ಉಸಿರು ಬಿಗಿಹಿಡಿದು ಸಾಲು ನಿಲ್ಲುತ್ತಾರೆ. 'ಉಕ್ಕಿನ ಅಳಿಯ'ದಲ್ಲಿ ಕರೆಂಟು ಕುಡಿಯುವ ಯಂತ್ರದ ಅಳಿಯ ಹಬ್ಬಕ್ಕೆ ಬಂದು ಮಾವನ ಮನೆಯ ಫ್ಯೂಸು ಹಾರಿಸುತ್ತಾನೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ದುಃಖದ ಚಿತ್ರ ಎಂದು ಗೊತ್ತಿದ್ದವರು ಬಹುಶಃ ಇಬ್ಬರೇ. ಪ್ರತಿ ಚಿತ್ರವೂ ನಮ್ಮ ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಬಂದು, ಮಧ್ಯಾಹ್ನದೊಳಗೆ ಮನೆಗೆ ಮರಳುತ್ತಿತ್ತು. ಮೊದಲ ಟಿಕೆಟ್ಟನ್ನು ಅವರೇ ಕೊಳ್ಳುತ್ತಿದ್ದರು. ಕಿಂಡಿಯ ಮುಂದೆ, ಸೂರಿನ ಕೆಳಗೆ ನಿಂತಾಗಲೂ ಕೊಡೆ ಮಡಿಸುತ್ತಿರಲಿಲ್ಲ.

ಕಿಂಡಿ ಎಂದೆನಲ್ಲ, ಅದರ ಆಚೆ ಇದ್ದವರು ನಮ್ಮ ಬುಕಿಂಗ್ ಅಮ್ಮ. ಟಾಕೀಸಿನ ಯಜಮಾನರ ತಂಗಿಯಂತೆ. ಒಳಬಾಗಿಲಿನಿಂದ ಬಂದು ಒಳಬಾಗಿಲಿನಿಂದಲೇ ಹೋಗುತ್ತಿದ್ದರು. ಎದೆಮಟ್ಟದ ಆ ಕಿಂಡಿಯಲ್ಲಿ ನಮಗೆ ಕಾಣುತ್ತಿದ್ದುದು ಎಡಗೈ ಮಾತ್ರ. ಅದರ ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡು, ಉಳಿದ ಬೆರಳುಗಳ ಮೇಲೆ ಮುನಿಸಿಕೊಂಡಂತೆ ಆಚೆ ತಿರುಗಿತ್ತು.

"ತಾಯೀ! ಈ ಬಡಪಾಯಿಗೆ ಮುಂದಿನ ಸಾಲಿನಲ್ಲೊಂದು ಸಿಂಹಾಸನ!" ಎಂದು ನಾನು ಕಿಂಡಿಗೆ ಬಾಯಿಟ್ಟರೆ, ಕೈ ಟಿಕೆಟ್ಟು ಹರಿಯುತ್ತಲೇ ಹೇಳುತ್ತಿತ್ತು: "ಸಿಂಹಾಸನದಲ್ಲಿ ತಿಗಣೆ ಕಚ್ಚಿದ್ರೆ ಅರಮನೆ ಜವಾಬ್ದಾರಿ ಅಲ್ಲಪ್ಪಾ ಮಹಾರಾಜ. ಚಿಲ್ಲರೆ ತೆಗಿ."

ಒಂದು ಸಲವೂ ನಾನು ಗೆದ್ದಿರಲಿಲ್ಲ.

ಕಟ್ಟೆಯ ಪ್ರಸಂಗವಾದ ಸ್ವಲ್ಪ ದಿನಕ್ಕೆ ಜಬ್ಬಾರ್ ಸಾಹೇಬರು ಬಂದು ನನ್ನನ್ನು ಪದ್ಮಣ್ಣನ ಮನೆಗೆ ಕರೆದೊಯ್ದರು. ಹಿತ್ತಲಿನ ನಡುವೆ ನೌಕೆಯ ಬಾಗಿಲೊಂದೇ ನಿಂತಿತ್ತು; ಹಿಂದೆ ನೌಕೆಯಿರಲಿಲ್ಲ, ಮುಂದೆ ಗ್ರಹವಿರಲಿಲ್ಲ. ಪದ್ಮಣ್ಣ ಮನೆಯೊಳಗೆ ಕೊಡೆಯಿಲ್ಲದೆ ಕೂತಿದ್ದರು. ಕತ್ತಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡಿದ್ದರು.

"ಬರೋ ವಾರ ಗಂಟಲು ಕುಯ್ತಾರಂತೆ," ಎಂದರು, ಕ್ಷೌರದ ವಿಷಯ ಹೇಳುವವರಂತೆ. "ಆಮೇಲೆ ದನಿ ಇರಲ್ಲ ಅಂದಿದಾರೆ ಡಾಕ್ಟ್ರು. ಒಂದೇ ಒಂದು ಶಾಟು ಬಾಕಿ ಇದೆ ಕಣಯ್ಯಾ. ಅದನ್ನ ನಾನು ಮಾತಾಡ್ಬೇಕು. ದನಿ ಇರೋವಾಗ್ಲೇ."

ಚಿತ್ರದ ಹೆಸರು 'ಬೆಳಕಿನ ವೇಗದ ಹೆಂಡತಿ'. ಹೆಂಡತಿಯೊಬ್ಬಳು ಬೆಳಕಿನ ವೇಗದ ನೌಕೆ ಹತ್ತಿ ಹೋಗುತ್ತಾಳೆ. ಅವಳಿಗೆ ಒಂದು ವರ್ಷ ಕಳೆಯುವಷ್ಟರಲ್ಲಿ ಭೂಮಿಯ ಮೇಲಿನ ಗಂಡ ಮುದುಕನಾಗಿರುತ್ತಾನೆ. ಕೊನೆಯಲ್ಲಿ ಬಾಗಿಲು ತೆರೆಯುತ್ತದೆ. ಹೋದಾಗಿನ ವಯಸ್ಸಿನಲ್ಲೇ ಅವಳು ನಿಂತಿರುತ್ತಾಳೆ. ಹೆಂಡತಿಯ ಭಾಗವನ್ನೆಲ್ಲ ಪದ್ಮಣ್ಣ ಯೌವನದಲ್ಲೇ ಚಿತ್ರಿಸಿಬಿಟ್ಟಿದ್ದರು. ಗಂಡನ ಪಾತ್ರ ತಮ್ಮದೇ. ಅದಕ್ಕೆ ತಲೆಗೆ ಬಿಳಿಯ ಬಣ್ಣ ಬಳಿದುಕೊಳ್ಳಲು ಒಪ್ಪದೆ, ತಾವೇ ಮುದುಕರಾಗಲಿ ಎಂದು ಕಾದಿದ್ದರು.

"ಅಂದ್ರೆ... ಅಷ್ಟೂ ವರ್ಷ ಮೇಕಪ್ ಮಾಡ್ಕೋತಾ ಇದ್ರಾ ಸಾರ್?" ಎಂದೆ.

ಜಬ್ಬಾರ್ ಸಾಹೇಬರು ಕೆಮ್ಮಿದರು. ಪದ್ಮಣ್ಣ ನಗಲಿಲ್ಲ. "ಹೂಂ. ಹಾಗೇ ಅನ್ಕೋ."

ನನ್ನ ಕೆಲಸ ಸುಲಭದ್ದು. ಬಾಗಿಲ ಹಿಂದೆ ಅವಳ ಆಳೆತ್ತರದ ಫೋಟೋ ನಿಲ್ಲಿಸುತ್ತಾರೆ. ನಾನು ಅದರ ಪಕ್ಕ ಕೂತು ಹಗ್ಗ ಎಳೆದು ಬಾಗಿಲು ತೆರೆಯಬೇಕು, ಅವಳ ಮೂರು ಮಾತುಗಳನ್ನು ಅವಳು ನಿಲ್ಲಿಸಿದಷ್ಟೇ ನಿಲ್ಲಿಸಿ ಹೇಳಬೇಕು. "ಮಿಮಿಕ್ರಿ ಬೇಡ. ಆ್ಯಕ್ಟಿಂಗ್ ಬೇಡವೇ ಬೇಡ. ನಿಲ್ಲೋದು ಮಾತ್ರ ಕಲಿ," ಎಂದು, ಅವಳ ಕೊನೆಯ ದೃಶ್ಯದ ರೀಲನ್ನು ಎಡಿಟಿಂಗ್ ಮೇಜಿಗೆ ಏರಿಸಲು ಸಾಹೇಬರಿಗೆ ಹೇಳಿದರು. ತಾವು ಮಾತ್ರ ಎದ್ದು ಹೊರಗೆ ಹೋದರು.

"ನೀವು ನೋಡಲ್ವಾ?"

"ಮುಗಿಸಿದ ದಿನದಿಂದ ಆ ಮುಖ ನೋಡಿಲ್ಲ. ಬಾಗಿಲು ತೆರೆದಾಗ ನೋಡ್ಬೇಕು. ಆವತ್ತು ನನ್ನ ಮುಖ ಸುಳ್ಳು ಹೇಳಬಾರ್ದು."

ಹುಚ್ಚು ಹಿಡಿದಿದೆ ಎಂದುಕೊಂಡು ಹಿಡಿಕೆ ತಿರುಗಿಸಿದೆ. ಸ್ಲೇಟಿನಷ್ಟು ಪರದೆಯ ಮೇಲೆ ಅವಳು ಬಂದಳು. ತೆಳ್ಳನೆಯ ಹುಡುಗಿ, ಹುಬ್ಬಿನಲ್ಲೇ ನಗುವವಳು. "ತುಂಬಾ ವರ್ಷ ಆಯ್ತಾ?" ಎಂದಳು. ನಿಂತಳು. "ನಿಮ್ಮ ಕೂದಲು ಬೆಳ್ಳಗಾಗಿದೆ." ನಿಂತಳು. "ನನಗೆ ಕಾದಿದ್ರಾ?" ಎಂದು, ಇನ್ನೂ ಹುಟ್ಟದ ಒಂದು ಉತ್ತರಕ್ಕಾಗಿ ಕಿವಿಗೊಟ್ಟವಳಂತೆ ತಲೆ ವಾಲಿಸಿ, ಎಡಗೈಯನ್ನು ಬಾಗಿಲ ಚೌಕಟ್ಟಿನ ಮೇಲಿಟ್ಟಳು.

ಕಿರುಬೆರಳು ಸೊಟ್ಟಗೆ ಆಚೆ ತಿರುಗಿತ್ತು.

ಹಿಡಿಕೆ ನಿಲ್ಲಿಸಿದೆ. ಸಾಹೇಬರ ಕಡೆ ನೋಡಿದೆ. ಅವರು ತಮ್ಮ ಲೆನ್ಸು ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

ಓಡಿದೆ. ಮ್ಯಾಟಿನಿ ಶುರುವಾಗಿ ಕಿಂಡಿಯ ಮುಂದೆ ಯಾರೂ ಇರಲಿಲ್ಲ. ಕೈ ಟಿಕೆಟ್ಟಿನ ಕಟ್ಟು ಜೋಡಿಸುತ್ತಿತ್ತು. ನಾನು ಕಿಂಡಿಗೆ ಬಾಯಿಟ್ಟು, ಮಿಮಿಕ್ರಿಯಿಲ್ಲದೆ, ಕಲಿತಂತೆಯೇ ಹೇಳಿದೆ: "ತುಂಬಾ ವರ್ಷ ಆಯ್ತಾ?"

ಕಟ್ಟು ಜಾರಿತು. ಟಿಕೆಟ್ಟುಗಳು ಹಲಗೆಯ ಮೇಲೆಲ್ಲ ಚೆಲ್ಲಿದವು. ಯಾವತ್ತೂ ಮಾತಿಗೆ ಸೋಲದ ಕೈ ಮಗುಚಿಕೊಂಡು ಬಿದ್ದಿತ್ತು.

"ಯಾರೋ ಹೇಳಿಕೊಟ್ಟಿದ್ದು ನಿಂಗೆ ಅದನ್ನ?"

ಹೇಳಿದೆ. ಕೊನೆಯ ಶಾಟು, ಫೋಟೋ, ಗಂಟಲಿನ ಆಪರೇಷನ್ನು, ಎಲ್ಲ. ಆಪರೇಷನ್ ಎಂದಾಗ ಬೆರಳುಗಳು ಮೆಲ್ಲಗೆ ಮುಚ್ಚಿಕೊಂಡವು.

"ನೀವು ಅವರ ಹೀರೋಯಿನ್ ಅಲ್ವಾ?"

"ಹೀರೋಯಿನ್ ಅಂತೆ! ಹೆಂಡ್ತಿ ಕಣೋ. ಕೈಹಿಡಿದ ಹೆಂಡ್ತಿ. ನಳಿನಾಕ್ಷಿ ಅಂತ ಒಂದು ಹೆಸರೂ ಇದೆ ನಂಗೆ."

ಕಿಂಡಿಯೊಳಗಿನ ದನಿ ತಗ್ಗಿತು.

"ನನ್ನ ಭಾಗ ಮುಗಿದ ದಿನ ಹೇಳಿದ್ರು. ದಿನಾ ನೋಡ್ತಿರೋ ಮುಖಾನ ಮುದುಕನಾದ್ಮೇಲೆ ಕಂಡು ಬೆಚ್ಚಿಬೀಳೋದು ಹೇಗೆ ನಳಿನಿ, ಶಾಟು ಸುಳ್ಳಾಗುತ್ತೆ ಅಂತ. ತಮಾಷೆ ಅನ್ಕೊಂಡೆ. ಸರಿ, ಅಣ್ಣನ ಮನೇಲಿರ್ತೀನಿ, ನಾಲ್ಕು ದಿನಕ್ಕೆ ನೀವೇ ಕರಿಯಕ್ಕೆ ಬರ್ತೀರ ಅಂದೆ. ಬರಲಿಲ್ಲ. ನಾನೂ ಹೋಗಲಿಲ್ಲ. ಅವರದು ಕಲೆ, ನಂದು ಹಟ. ಯಾವುದು ಮೊದ್ಲು ಸಾಯುತ್ತೆ ನೋಡೇಬಿಡೋಣ ಅಂತ ಕೂತೆ."

"ಒಂದೇ ಊರಲ್ಲಿ! ಎದುರಿಗೆ ಸಿಗ್ತಿರ್ಲಿಲ್ವಾ?"

"ಸಿಕ್ಕಿದ್ರೇನು? ಕೊಡೆ ಇದೆಯಲ್ಲ."

ಇಡೀ ಊರು ನಕ್ಕ ಕೊಡೆ. ಹೆಂಗಸರು ಎದುರಾದಾಗ ಗೇಣುದ್ದ ಇಳಿಯುತ್ತಿದ್ದ ಕೊಡೆ. ಎದುರು ಬಂದವಳು ಹೆಂಡತಿಯೇ ಆಗಿದ್ದರೆ ಎಂದು.

"ಇದೇ ಕಿಂಡೀಲಿ ಪ್ರತಿ ಚಿತ್ರಕ್ಕೂ ಬರ್ತಾರೆ," ಎಂದರು ಅಮ್ಮ. "ಅವರಿಗೆ ನನ್ನ ಕೈ ಕಾಣುತ್ತೆ. ನಂಗೆ ಅವರ ಅಂಗಿ ಗುಂಡಿ. ಹೋದ ಸಲ ಎರಡನೇ ಗುಂಡಿ ಇರ್ಲಿಲ್ಲ." ಚೆಲ್ಲಿದ ಟಿಕೆಟ್ಟುಗಳನ್ನು ಒಟ್ಟುಮಾಡುತ್ತ ಕೇಳಿದರು: "ಫೋಟೋ ಇಡ್ತಾರಂತಾ? ಆ ವಯಸ್ಸಿಂದು?"

"ಹೂಂ."

"ಯಾವತ್ತು ಶೂಟಿಂಗು?"

ಹೇಳಿದೆ. ಕೈ ಒಳಗೆ ಸರಿದು, ಕಿಂಡಿಯ ಹಲಗೆ ಮುಚ್ಚಿಕೊಂಡಿತು.

ಆ ದಿನ ಇಳಿಬಿಸಿಲಿಗೆ ಎಲ್ಲ ಸಜ್ಜಾಯಿತು. ಬಾಗಿಲ ಹಿಂದೆ ಬಟ್ಟೆ ಮುಚ್ಚಿದ ಫೋಟೋ, ಅದರ ಒಂದು ಪಕ್ಕಕ್ಕೆ ಸಾಹೇಬರ ಕ್ಯಾಮೆರಾ, ಇನ್ನೊಂದು ಪಕ್ಕಕ್ಕೆ ಹಗ್ಗ ಹಿಡಿದ ನಾನು. ಆಚೆ, ಬಾಗಿಲಿಗೆ ಮುಖ ಮಾಡಿ, ಪದ್ಮಣ್ಣ ಬರಿಗೈಯಲ್ಲಿ ನಿಂತಿದ್ದರು. ಕತ್ತಿನ ಪಟ್ಟಿ ಬಿಚ್ಚಿಟ್ಟಿದ್ದರು. ಗಂಡನ ಮಾತುಗಳೇನು ಎಂದು ಕೇಳಿದ್ದಕ್ಕೆ, ಬರೆದಿಲ್ಲ ಎಂದಿದ್ದರು. ಇಷ್ಟು ವರ್ಷದಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಮುಖ ನೋಡಿದಾಗ ತಾನಾಗಿ ಬರುತ್ತದಂತೆ.

"ಕ್ಯಾಮೆರಾ," ಎಂದರು ಆ ಒಡೆದ ದನಿಯಲ್ಲಿ.

ಕ್ಯಾಮೆರಾ ಗುಂಯ್‌ಗುಟ್ಟಿತು. ಅಷ್ಟರಲ್ಲಿ ಹಿತ್ತಲ ಗೋಡೆಯ ಸಣ್ಣ ಬಾಗಿಲು ಸರಿದ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಸೊಟ್ಟ ಕಿರುಬೆರಳಿನ ಕೈಯೊಂದು ನನ್ನ ಬಾಯಿ ಮುಚ್ಚಿತು. ಗಿಡ್ಡನೆಯ, ತುಂಬಿಕೊಂಡ ಮೈಯ, ಪೂರ್ತಿ ನರೆತ ಹೆಂಗಸು. ನಾನು ಅವರ ಮುಖ ನೋಡಿದ್ದು ಅದೇ ಮೊದಲು. ಫೋಟೋವನ್ನು ಕಸಬರಿಗೆ ಸರಿಸುವಂತೆ ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ನಿಂತರು. ಸಾಹೇಬರು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಬೇಕೆಂದೇ ತೆಗೆಯಲಿಲ್ಲ.

ಹಗ್ಗ ಎಳೆ ಎಂದು ಕೈಸನ್ನೆಯಾಯಿತು. ಎಳೆದೆ.

ಬಾಗಿಲು ತೆರೆಯಿತು. ಪದ್ಮಣ್ಣ ನೋಡಿದರು.

ಸಿನಿಮಾದಲ್ಲಿ ಜನ ಬೆಚ್ಚಿಬೀಳುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. ಕಣ್ಣು ಅಗಲವಾಗುತ್ತದೆ, ಹಿನ್ನೆಲೆಯಲ್ಲಿ ಪಿಟೀಲು ಕಿರುಚುತ್ತದೆ. ಇದು ಹಾಗಿರಲಿಲ್ಲ. ಅವರ ಬಲಗೈ ತಾನಾಗಿಯೇ ಮೇಲೆದ್ದು, ಇಲ್ಲದ ಕೊಡೆಯನ್ನು ಮುಖದ ಮೇಲೆ ಎಳೆದುಕೊಳ್ಳಲು ನೋಡಿತು. ಏನೂ ಸಿಗದೆ ಗಾಳಿಯಲ್ಲೇ ನಿಂತುಬಿಟ್ಟಿತು.

"ತುಂಬಾ ವರ್ಷ ಆಯ್ತಾ?" ಎಂದರು ಅಮ್ಮ. ರೀಲಿನಲ್ಲಿ ನಿಂತಷ್ಟೇ ನಿಂತರು.

ಪದ್ಮಣ್ಣನ ಗಂಟಲು ಏರಿತು, ಇಳಿಯಿತು. ದನಿ ಬರಲಿಲ್ಲ. ಡಾಕ್ಟರ ಕತ್ತಿಗಿಂತ ಮೊದಲೇ ಅದು ಹೋಯಿತೇನೋ ಎಂದುಕೊಂಡೆ.

"ನಿಮ್ಮ ಕೂದಲು ಬೆಳ್ಳಗಾಗಿದೆ."

"ನಿಂದೂ," ಎಂದರು ಪದ್ಮಣ್ಣ.

ಆ ಒಂದು ಮಾತಿಗೆ ಅವರ ಕತೆ, ನೌಕೆ, ಬೆಳಕಿನ ವೇಗ ಎಲ್ಲ ಕುಸಿದವು. ಅದು ಅವರಿಗೂ ಗೊತ್ತಾಯಿತು. ಆದರೂ ಕಟ್ ಹೇಳಲಿಲ್ಲ.

"ನನಗೆ ಕಾದಿದ್ರಾ?"

ಈ ಸಲ ಅಮ್ಮನೇ ನಿಲ್ಲಬೇಕಾದಷ್ಟು ನಿಲ್ಲಲಾರದೆ ಹೋದರೋ, ಅಥವಾ ಪದ್ಮಣ್ಣನೇ ಮೊದಲು ಬಾಯಿ ತೆರೆದರೋ ಹೇಳಲಾರೆ.

"ಇಲ್ಲ ನಳಿನಿ," ಎಂದರು. ಒಂದೊಂದು ಪದವನ್ನೂ ಮುಳ್ಳಿನಿಂದ ಬಿಡಿಸಿಕೊಂಡಂತೆ ಹೇಳಿದರು. "ನಿಂಗೆ ಕಾದಿದ್ದೆ ಅಂತ್ಲೇ ಅನ್ಕೊಂಡಿದ್ದೆ. ಈ ಶಾಟಿಗೆ ಕಾದಿದ್ದೆ."

"ಗೊತ್ತು. ನಾನು ಎಲ್ಲೂ ಹೋಗಿರ್ಲಿಲ್ಲ ಕಣ್ರೀ. ಅಲ್ಲೇ ಟಿಕೆಟ್ ಹರೀತಾ ಕೂತಿದ್ದೆ."

ಫಿಲ್ಮು ಮುಗಿದು ಅದರ ತುದಿ ಕ್ಯಾಮೆರಾದೊಳಗೆ ಪಟಪಟ ಬಡಿದುಕೊಳ್ಳತೊಡಗಿತು. ಸಾಹೇಬರು ಅದನ್ನು ನಿಲ್ಲಿಸಿ, ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡರು.

"ಕತೆ ಕೆಟ್ಟುಹೋಯ್ತು," ಎಂದರು ಪದ್ಮಣ್ಣ.

"ಕೆಡ್ಲಿ ಬಿಡಿ. ಹೇಗಿದ್ರೂ ಯಾರು ನೋಡ್ತಿದ್ರು?" ಎನ್ನುತ್ತ ಅಮ್ಮ ಹೊಸ್ತಿಲು ದಾಟಿ ಮುಂದೆ ಬಂದರು. ಮುಂದೆ ಚಾಚಿದ ಕೈಯಲ್ಲಿ ದಾರಿ ತಡವುತ್ತ ಬಂದರು. ಎರಡು ಹೆಜ್ಜೆ ದೂರದಲ್ಲಿ ನಿಂತು ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಚೀಲಕ್ಕೆ ಕೈಹಾಕಿದರು.

"ಆ ಹುಡುಗಿಗೆ ಕನ್ನಡಕ ಇರ್ಲಿಲ್ಲವಲ್ಲ, ಅದಕ್ಕೆ ತೆಗೆದಿಟ್ಟಿದ್ದೆ. ಇಷ್ಟೊತ್ತೂ ನೀವು ನಂಗೆ ಬರೀ ಬಿಳೀ ಮಬ್ಬು. ತಡೀರಿ, ಈಗ ನೋಡ್ತೀನಿ."

ದಪ್ಪ ಗಾಜಿನ ಕನ್ನಡಕವನ್ನು ಸೆರಗಿನಿಂದ ಒಂದು ಸಲ ಒರೆಸಿ, ಬೆಳಕಿಗೆ ಹಿಡಿದು, ಮತ್ತೊಂದು ಸಲ ಒರೆಸಿದರು. ಪದ್ಮಣ್ಣ ಅಲ್ಲಿಯವರೆಗೂ ಮಿಸುಕದೆ, ಮುಖವನ್ನು ಇಳಿಬಿಸಿಲಿಗೆ ಎತ್ತಿ ಹಿಡಿದು ನಿಂತಿದ್ದರು.