ಕಟ್ಟಿದ ಗಂಟೆ

ಬೀಚ್ ಮರಗಳ ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಕಡೆ ಎರ್ಸಿಲಿಯಾ ನಿಂತು ಹಿಂತಿರುಗಿ ನೋಡಿದಳು. ಕೋಮೊ ಸರೋವರ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಅದರ ಮೇಲೆ ಬಿಳಿಯ ದೋಣಿಯೊಂದು ಹೋಗುತ್ತಿದ್ದದ್ದು ಕಂಡಿತ್ತು. ಈಗ ನೀರಿನಿಂದ ಮಂಜು ಎದ್ದು, ಅವಳು ಹತ್ತಿ ಬಂದ ಕಲ್ಲುದಾರಿಯಲ್ಲೇ ಅವಳನ್ನು ಹಿಂಬಾಲಿಸಿ ಬರುತ್ತಿತ್ತು.

"ದೇವರೇ, ಇವತ್ತು ಬೇಡ," ಎಂದಳು.

ಹೋದ ಶರತ್ಕಾಲದಲ್ಲಿ ಇಂಥದೇ ಮಂಜಿನಲ್ಲಿ ಅವಳ ಗಂಡ ಫೆರ್ಮೊ ಈ ಸಂತ ಫೆದೆಲೆ ಘಟ್ಟದ ಮೇಲೆ ದಾರಿ ತಪ್ಪಿದ್ದ. ಸರೋವರದ ಸುತ್ತಣ ಘಟ್ಟಗಳನ್ನೆಲ್ಲ ಕಾಲ್ನಡಿಗೆಯಲ್ಲಿ ದಾಟಿದವನು, ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ಇಗರ್ಜಿಯನ್ನು ಕಾಣದೆ, ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋಗಿ ಕಮರಿಗೆ ಬಿದ್ದಿದ್ದ. ಮಂಜು ಕವಿದಾಗ ನೆತ್ತಿಯ ಆ ಪುಟ್ಟ ಇಗರ್ಜಿಯಲ್ಲಿ ಯಾರಿದ್ದರೂ ಗಂಟೆ ಬಾರಿಸಬೇಕು, ದಾರಿಯಲ್ಲಿರುವ ಕಡೆಯವನು ಬಂದು ಸೇರುವ ತನಕ ನಿಲ್ಲಿಸಬಾರದು ಎನ್ನುವುದು ಅಲ್ಲಿನ ಹಿರಿಯರು ಮಾಡಿಟ್ಟ ಕಟ್ಟಳೆ. ಅಂದು ಅಲ್ಲಿ ಯಾರೂ ಇರಲಿಲ್ಲ.

ಮಣ್ಣಾದ ಮೇಲೆ ಮಗಳು ನೊಯೆಮಿ ಹಟ ಹಿಡಿದಳು. ಅಪ್ಪ ನಡೆದ ಘಟ್ಟಗಳನ್ನೆಲ್ಲ ತಾನು ಸೈಕಲ್ಲಿನಲ್ಲಿ ದಾಟುತ್ತೇನೆ ಎಂದಳು. ಅಪ್ಪನ ಹಳೆಯ ಸೈಕಲ್ಲಿನ ಗಂಟೆಯನ್ನು ಬಿಚ್ಚಿ ತನ್ನದಕ್ಕೆ ಹಾಕಿಕೊಂಡಳು. ಒಂದೊಂದಾಗಿ ಎಲ್ಲ ಮುಗಿದು ಇದೊಂದು ಉಳಿದಿತ್ತು. ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರ, ಆಚೆ ಕಣಿವೆಯಿಂದ ಹತ್ತಿ ಬರುತ್ತೇನೆಂದು ಬೆಳಿಗ್ಗೆ ಫೋನ್ ಮಾಡಿದ್ದಳು.

"ನಾನೂ ಈ ಕಡೆಯಿಂದ ಹತ್ತಿ ಬರ್ತೀನಿ," ಎಂದಿದ್ದಳು ಎರ್ಸಿಲಿಯಾ.

"ಅಮ್ಮಾ, ಮಂಡಿ ನೋವು ಅಂತ ನಿನ್ನೆ ತಾನೇ ಗೋಳಾಡ್ತಿದ್ದೆ!"

"ನಿನ್ನ ಸೈಕಲ್ಲಿಗಿಂತ ಹಳೇ ಮಂಡಿ ಕಣೇ ಇದು. ಇನ್ನೂ ಪಂಕ್ಚರ್ ಆಗಿಲ್ಲ."

ಮಗಳು ನಕ್ಕಿದ್ದಳು. ತಾಯಿ ಯಾಕೆ ಬರುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು. ಈ ಸಲ ಇಗರ್ಜಿಯಲ್ಲಿ ಯಾರಾದರೂ ಇರಬೇಕಿತ್ತು.

ಎರ್ಸಿಲಿಯಾ ನೆತ್ತಿ ಸೇರುವ ಹೊತ್ತಿಗೆ ಮಂಜೂ ಸೇರಿತು. ಇಗರ್ಜಿಯ ಬಾಗಿಲು ತೆರೆದಿತ್ತು. ಒಳಗೆ ಫೆರ್ಮೊನ ಅಣ್ಣ ಒತ್ತಾವಿಯೊ, ಅದರ ಉಸ್ತುವಾರಿ ನೋಡಿಕೊಳ್ಳುವವನು, ನಾಳೆಯ ಹಬ್ಬಕ್ಕೆಂದು ನೆಲ ಗುಡಿಸುತ್ತಿದ್ದ.

"ಏನು ಎರ್ಸಿಲಿಯಾ, ಉಪವಾಸದ ದಿನ ಬೆಟ್ಟ ಹತ್ತಿದ್ದೀಯಲ್ಲ. ಸ್ವರ್ಗಕ್ಕೆ ಅಡ್ಡದಾರಿ ಹುಡುಕ್ತಿದ್ದೀಯೋ?"

"ನೊಯೆಮಿ ಆ ಕಡೆಯಿಂದ ಬರ್ತಿದ್ದಾಳೆ."

ಪೊರಕೆ ನಿಂತಿತು. ಅವನು ಬಾಗಿಲಿಗೆ ಬಂದು ನೋಡಿದ. ಅಂಗಳದ ಶಿಲುಬೆ ಆಗಲೇ ಕಾಣದಾಗಿತ್ತು. ಆಚೆ ಕಡೆಯ ಸೈಕಲ್ ದಾರಿ ಹುಲ್ಲುಗಾವಲಿನ ಅಂಚಿನಲ್ಲೇ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಕರಗದೆ ಉಳಿದ ಹಿಮ, ಗುರುತಿಲ್ಲದ ಬಯಲು. ಹತ್ತಿ ಬರುವವರ ಎಡಕ್ಕೆ ಇಗರ್ಜಿ, ಬಲಕ್ಕೆ ಕಮರಿ. ಫೋನಿಗೆ ಅಲ್ಲಿ ಜೀವವಿಲ್ಲ.

ಎರ್ಸಿಲಿಯಾ ಗಂಟೆಯ ಹಗ್ಗದ ಕಡೆ ತಿರುಗಿದಳು. ಅದನ್ನು ಗೋಡೆಯ ಕೊಕ್ಕೆಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿತ್ತು. ಈಸ್ಟರಿಗೆ ಮುಂಚಿನ ಗುರುವಾರ ಸಂಜೆಯಿಂದ ಇಗರ್ಜಿಯ ಎಲ್ಲ ಗಂಟೆಗಳನ್ನೂ ಕಟ್ಟಿಡುತ್ತಾರೆ. ಯೇಸುಸ್ವಾಮಿ ಸಮಾಧಿಯಿಂದ ಏಳುವ ತನಕ, ಅಂದರೆ ಈ ರಾತ್ರಿಯ ಪೂಜೆಯ ತನಕ, ಯಾವ ಗಂಟೆಯೂ ಸದ್ದು ಮಾಡಕೂಡದು. ಬದಲಿಗೆ ಮರದ ಗಿರಕಿಯನ್ನು ಕರಕರ ತಿರುಗಿಸುತ್ತಾರೆ. ಹತ್ತುವಾಗ ದಾರಿಯುದ್ದಕ್ಕೂ ಜಪ ಮಾಡಿದವಳಿಗೆ ಇದೊಂದು ಹೊಳೆದಿರಲಿಲ್ಲ.

"ಬಿಚ್ಚು ಒತ್ತಾವಿಯೊ."

"ಇವತ್ತು ಆಗಲ್ಲ."

"ಮಂಜು ಕವಿದಿದೆ!"

"ಕಣ್ಣಿದೆ ನನಗೆ. ನನ್ನ ಕೈಯಾರೆ ಕಟ್ಟಿದ್ದು. ನಮ್ಮಪ್ಪನ ಕಾಲದಲ್ಲಿ ಯುದ್ಧ ನಡೆದಾಗಲೂ ಈ ದಿನ ಬಿಚ್ಚಿಲ್ಲ. ತಡಿ."

ಅವನು ಮರದ ಗಿರಕಿ ತೆಗೆದುಕೊಂಡು ಹೊಸ್ತಿಲ ಮೇಲೆ ನಿಂತು ತಿರುಗಿಸಿದ. ಒಣಗಿದ ಆ ಸದ್ದು ಅಂಗಳ ದಾಟುವುದರೊಳಗೆ ಮಂಜಿನಲ್ಲಿ ಇಂಗಿಹೋಯಿತು.

ಆಗ ಕಮರಿಯ ಕಡೆಯಿಂದ, ಬಹಳ ಸಣ್ಣಗೆ, ಸೈಕಲ್ ಗಂಟೆ ಕೇಳಿಸಿತು. ಅದು ಫೆರ್ಮೊನ ಗಂಟೆ. ಮೂವತ್ತು ವರ್ಷ ಆ ಸದ್ದು ಕೇಳಿ ಅವಳು ಒಲೆಯ ಮೇಲೆ ಪೊಲೆಂಟಾ ಗಂಜಿ ಇಟ್ಟಿದ್ದಳು. ಇಬ್ಬರೂ ಕೂಗಿದರು. ಕೂಗು ಅಲ್ಲಿಯವರೆಗೆ ಮುಟ್ಟಲಿಲ್ಲ.

ಎರ್ಸಿಲಿಯಾ ಹುಟ್ಟಿದಾಗಿನಿಂದ ಈ ದಿನ ಗಂಟೆಯ ನಾದ ಕೇಳಿದವಳಲ್ಲ. ಹಗ್ಗಕ್ಕೆ ಕೈ ಹಾಕಿದರೆ ಸ್ವಾಮಿಗೆ ದ್ರೋಹವಾದೀತೆಂಬ ಭಯ ಒಂದು ಕಡೆ, ಕಮರಿ ಇನ್ನೊಂದು ಕಡೆ. ಅವಳು ಕಣ್ಣು ಮುಚ್ಚಿದಳು. 'ಸ್ವಾಮಿ, ನಿನ್ನ ತಾಯಿ ಈ ದಿನ ಹೇಗೆ ಕುಳಿತಿದ್ದಳೋ ನಾನೂ ಹಾಗೆ ನಿಂತಿದ್ದೇನೆ. ಅವಳನ್ನು ಕೇಳಿ ನನ್ನನ್ನು ಕ್ಷಮಿಸು.' ಉಗುರು ಕಿತ್ತುಬರುವ ಹಾಗೆ ಗಂಟನ್ನು ಎಳೆದು ಬಿಚ್ಚಿದಳು. ಒತ್ತಾವಿಯೊ ತಡೆಯಲಿಲ್ಲ. ಮುಖ ತಿರುಗಿಸಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ.

ಗಂಟೆ ಮೊಳಗಿತು. ಅವಳು ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು, ನಿಲ್ಲಿಸಿ ಕಿವಿಗೊಟ್ಟಳು. ಸೈಕಲ್ ಗಂಟೆ ಕೇಳಿಸಿತು. ಈ ಸಲ ಇನ್ನೂ ದೂರದಲ್ಲಿ.

"ಆ ಕಡೆ ಹೋಗ್ತಿದ್ದಾಳೆ!" ಎಂದ ಒತ್ತಾವಿಯೊ. "ಗಂಟೆ ಕೇಳಿಯೂ ಆ ಕಡೆ ಹೋಗ್ತಿದ್ದಾಳಲ್ಲ, ಅದ್ಯಾಕೆ?"

ಮತ್ತೆ ಜಗ್ಗಿದಳು. ಮತ್ತೆ ದೂರವಾಯಿತು. ತಾನು ಬಾರಿಸಿದಷ್ಟೂ ಮಗಳು ಕಮರಿಯತ್ತ ಸರಿಯುತ್ತಿದ್ದಾಳೆ. ತಪ್ಪಿಗೆ ಶಿಕ್ಷೆ ಇಷ್ಟು ಬೇಗ ಬಂತೇ?

"ಅಲ್ಲಿ ಬೇರೆ ಗಂಟೆ ಏನಾದ್ರೂ ಅವಳನ್ನ ಎಳೀತಿದೆಯಾ? ಆಡು ಕಾಯೋ ಪ್ರೀಮೊ ಕಮರಿಯ ಅಂಚಿಗೆ ತನ್ನ ಆಡುಗಳನ್ನು ಬಿಟ್ಟಿದ್ದಾನಾ?" ಎಂದು ಕೇಳಿದಳು.

"ಇಲ್ಲ, ಆಡು ಇರೋದು ಕೆಳಗೆ ಬೀಚ್ ಕಾಡಿನ ಹತ್ತಿರ, ನಮ್ಮ ಹಿಂದೆ. ಅವುಗಳಲ್ಲಿ ದೊಡ್ಡ ಹೋತಕ್ಕೆ ಇಷ್ಟು ದಪ್ಪ ಗಂಟೆ ಕಟ್ಟಿದ್ದಾನೆ, ಪುಣ್ಯಾತ್ಮ—" ಎನ್ನುತ್ತಾ ಅವನು ಬಾಯಿ ತೆರೆದುಕೊಂಡೇ ನಿಂತ.

ಇಬ್ಬರಿಗೂ ಒಟ್ಟಿಗೆ ತಿಳಿಯಿತು. ಒಳಗೆ ಯಾರಿದ್ದರೂ ಈ ದಿನ ಇಗರ್ಜಿಯ ಗಂಟೆ ಬಾರಿಸುವುದಿಲ್ಲ ಎಂದು ನೊಯೆಮಿಗೆ ಗೊತ್ತು. ತೊಟ್ಟಿಲಿನಿಂದ ಕಲಿಸಿದವಳು ತಾಯಿಯೇ. ಕೇಳುತ್ತಿರುವುದು ಹೋತದ ಗಂಟೆ, ತಾನು ಇಗರ್ಜಿಯನ್ನು ದಾಟಿ ಕಾಡಿನ ಇಳಿಜಾರಿನವರೆಗೆ ಬಂದುಬಿಟ್ಟಿದ್ದೇನೆ, ಇಗರ್ಜಿ ಆ ಸದ್ದಿಗೆ ಬೆನ್ನಾದ ದಿಕ್ಕಿನಲ್ಲಿರಬೇಕು ಎಂದು ಅವಳು ನಂಬಿದ್ದಾಳೆ.

ಎರ್ಸಿಲಿಯಾ ಮತ್ತೆ ಹಗ್ಗ ಹಿಡಿದಳು. ಯಾವ ಆಡೂ ಬಾರಿಸಲಾರದ ಹಾಗೆ ಬಾರಿಸಬೇಕು. ಮೂರು ಬಡಿತ, ಬಿಡುವು. ಮೂರು ಬಡಿತ, ಬಿಡುವು. ಮತ್ತೆ ಮೂರು. ಅದು ತ್ರಿಕಾಲ ಪ್ರಾರ್ಥನೆಯ ಗಂಟೆ. ಚಿಕ್ಕಂದಿನಲ್ಲಿ ನೊಯೆಮಿ ಆ ಬಡಿತ ಕೇಳಿದರೆ ಓಡುತ್ತಿದ್ದವಳು ನಿಲ್ಲುತ್ತಿದ್ದಳು, ಬಾಯಲ್ಲಿ ರೊಟ್ಟಿಯಿದ್ದರೂ ಶಿಲುಬೆ ಗುರುತು ಹಾಕುತ್ತಿದ್ದಳು.

"ನಿಲ್ಲು ಮಗಳೇ," ಎಂದು ಎರ್ಸಿಲಿಯಾ ಪ್ರತಿ ಬಿಡುವಿನಲ್ಲೂ ಹೇಳಿದಳು. "ಅಲ್ಲೇ ನಿಲ್ಲು."

ಹೊರಗೆ ಸದ್ದಿಲ್ಲ. ನಿಂತಳೋ, ಬಿದ್ದಳೋ ತಿಳಿಯುವ ಹಾಗಿಲ್ಲ.

ಒತ್ತಾವಿಯೊ ಗಿರಕಿ ಎತ್ತಿಕೊಂಡ. "ನೀನು ಬಾರಿಸ್ತಾನೇ ಇರು. ನನಗೂ ವಾಪಸ್ ಬರೋಕೆ ದಾರಿ ಬೇಕಲ್ಲ," ಎಂದು ಮಂಜಿನೊಳಕ್ಕೆ ಇಳಿದ. ಕರಕರ ಸದ್ದು ಸ್ವಲ್ಪ ದೂರ ಹೋಗಿ ಅಡಗಿತು.

ಅವಳು ಬಾರಿಸಿದಳು. ಅಂಗೈ ಸುಲಿಯಿತು. ತೆರೆದ ಬಾಗಿಲಲ್ಲಿ ಬರೀ ಬಿಳುಪು. ಫೆರ್ಮೊನನ್ನು ಹೊತ್ತು ತಂದವರ ಮುಖಗಳು ಅದರಲ್ಲಿ ಮೂಡಿ ಮೂಡಿ ಹೋದವು. ಕಣ್ಣು ಮುಚ್ಚಿದರೂ ಹೋಗಲಿಲ್ಲ.

ಕಡೆಗೆ ಮೊದಲು ಬಂದದ್ದು ಸೈಕಲ್ಲಿನ ಗಾಲಿ. ಆಮೇಲೆ ಅದನ್ನು ತಳ್ಳುತ್ತಿದ್ದ ನೊಯೆಮಿ, ಅವಳ ಜಾಕೆಟ್ಟಿನ ತೋಳನ್ನು ಮುಷ್ಟಿಯಲ್ಲಿ ಹಿಡಿದ ಒತ್ತಾವಿಯೊ.

"ಆಡು ಅಂದುಕೊಂಡೆ ಅಮ್ಮಾ," ಎಂದಳು ನೊಯೆಮಿ. ಅವಳ ಹಲ್ಲು ಕಟಕಟಿಸುತ್ತಿದ್ದವು. "ಆಮೇಲೆ... ಆಡು ಪ್ರಾರ್ಥನೆ ಮಾಡುತ್ತಾ ಅಂತ ನಿಂತುಬಿಟ್ಟೆ."

"ಎಲ್ಲಿದ್ದಳು?" ಎಂದು ಎರ್ಸಿಲಿಯಾ ಕೇಳಿದಳು.

ಒತ್ತಾವಿಯೊ ನೆಲ ನೋಡಿದ. "ಸಿಕ್ಕಿದಳಲ್ಲ. ಕೇಳಬೇಡ."

ಮಗಳನ್ನು ತಬ್ಬಿಕೊಳ್ಳಲು ಎರ್ಸಿಲಿಯಾ ಹಗ್ಗ ಬಿಡಬೇಕಿತ್ತು. ಕೈ ಬಿಡಲಿಲ್ಲ. ನೊಯೆಮಿಯೇ ಬಂದು ಒಂದೊಂದೇ ಬೆರಳನ್ನು ಬಿಡಿಸಿದಳು.

ಮಂಜು ತೆಳುವಾಗುವ ತನಕ ಮೂವರೂ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತರು. ಬಯಲು ಕಂಡಾಗ ಹಿಮದ ಮೇಲೆ ಗಾಲಿಯ ಗೆರೆಯೂ ಕಂಡಿತು. ಅದು ನೇರವಾಗಿ ಕಮರಿಯ ತುಟಿಯವರೆಗೆ ಹೋಗಿ ಅಲ್ಲಿಂದ ತಿರುಗಿತ್ತು. ಎರ್ಸಿಲಿಯಾ ಅದನ್ನು ನೋಡಿದಳು, ಎದ್ದು ಒಳಗೆ ಹೋಗಿ ಹಗ್ಗವನ್ನು ಮತ್ತೆ ಕೊಕ್ಕೆಗೆ ಸುತ್ತತೊಡಗಿದಳು. ಸುಲಿದ ಅಂಗೈಗೆ ಹಗ್ಗ ತಾಗಿ ಗಂಟು ಕೂಡಲಿಲ್ಲ.

"ಬಿಡು ಎರ್ಸಿಲಿಯಾ," ಎಂದ ಒತ್ತಾವಿಯೊ. "ಹೇಗೂ ರಾತ್ರಿ ಬಿಚ್ಚಬೇಕು."

"ಇಲ್ಲ. ರಾತ್ರಿಯ ತನಕ ಸ್ವಾಮಿ ಮಲಗಿರಲಿ. ನೀನು ಕಟ್ಟು."

ಅವನು ಕಟ್ಟಿದ. ಆದರೆ ಮೊದಲಿನ ಹಾಗೆ ಬಿಗಿಯಲಿಲ್ಲ. ಎಳೆದರೆ ಬಿಚ್ಚುವ ಹಾಗೆ ಸಡಿಲವಾಗಿ ಒಂದು ಸುತ್ತು ಹಾಕಿದ.