ಸಿಂಕಿನ ಪಕ್ಕದ ಟ್ರೇ

ಆಸ್ಪತ್ರೆಯ ಐಸಿಯು ನೆಲವನ್ನು ಇಪ್ಪತ್ತೆರಡು ವರ್ಷ ಒರೆಸಿದವಳು ನಾನು. ಮಂಡಿ ಕೈಕೊಟ್ಟ ಮೇಲೆ ಆ ಕೆಲಸವನ್ನು ಸೊಸೆಗೆ ಕೊಡಿಸಿದೆ. ಹುಡುಗಿಗೆ ಮಾತು ಕಡಿಮೆ, ಕಣ್ಣು ಮಾತ್ರ ಹದ್ದಿನದು.

ಈ ತಿಂಗಳು ವೆಂಟಿಲೇಟರಿನಲ್ಲಿದ್ದ ನಾಲ್ವರಿಗೆ ಶ್ವಾಸಕೋಶದ ಸೋಂಕು ತಗುಲಿತು. ನಾಲ್ವರಲ್ಲೂ ಒಂದೇ ರೋಗಾಣು; ಬರುವಾಗ ತಂದದ್ದಲ್ಲ, ಅಲ್ಲೇ ಅಂಟಿದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಮೇಲ್ವಿಚಾರಕ ನನ್ನ ಸೊಸೆಯ ಮಾಪಿನ ಮೇಲೆ ತಪ್ಪು ಹೊರಿಸಿದ. ಐದನೆಯವರಿಗೆ ಬಂದರೆ ಅವಳು ಕೆಲಸ ಬಿಡಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕಲಿಸಿದ ಕೈ ಕೊಳಕೇ? ಮರುದಿನ ಬೆಳಗ್ಗೆ ಜಗಳಕ್ಕೆಂದೇ ಕೋಲೂರಿಕೊಂಡು ಹೊರಟೆ.

ಐಸಿಯು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಸಿಂಕಿನ ಮುಂದೆ ಸೊಸೆ. ಸುತ್ತ ದೊಡ್ಡ ಡಾಕ್ಟರಮ್ಮ, ನರ್ಸುಗಳು, ಆ ಮೇಲ್ವಿಚಾರಕ. ರೋಗಿಗಳ ಬಾಯಿ ತೊಳೆದ ನೀರನ್ನು ಎಲ್ಲರೂ ಚೆಲ್ಲುವುದು ಆ ಸಿಂಕಿಗೇ. ಬಾಯಿ ಶುಚಿ ಮಾಡುವ ಹೊಸ ಸಾಮಾನಿನ ಟ್ರೇ ಇರುವುದೂ ಅದರ ಪಕ್ಕದ ಕಟ್ಟೆಯ ಮೇಲೇ. ಎಷ್ಟು ಒರೆಸಿದರೂ ಕಟ್ಟೆಯ ಮೇಲೆ ಮತ್ತೆ ಹನಿ ಕಾಣುವುದು ಹೇಗೆಂದು ಸೊಸೆಗೆ ಅನುಮಾನ ಬಂದಿತ್ತು. ಟ್ರೇ ಎತ್ತಿಟ್ಟು ಅಲ್ಲಿ ಬಿಳಿ ಕಾಗದ ಹಾಸಿದಳು. ಸಿಂಕಿನ ತೂತಿಗೆ ನೆಲ ಒರೆಸುವ ನೀಲಿ ದ್ರಾವಣ ಸುರಿದು ನಲ್ಲಿ ಬಿಟ್ಟಳು. ಕಾಗದದ ತುಂಬ ನೀಲಿ ಚುಕ್ಕಿ.

"ಒಬ್ಬರ ಬಾಯಿ ಕೊಳೆ ಹೀಗೆ ಟ್ರೇ ಮೇಲೆ ಸಿಡಿದು ಇನ್ನೊಬ್ಬರ ಬಾಯಿಗೆ ಹೋಗ್ತಿದೆ ಮೇಡಂ. ಅಲ್ಲಿಂದ ಎದೆಗೆ."

ಸಿಂಕಿನ ಕೊಳೆಯನ್ನು ಈಗಲೇ ಪರೀಕ್ಷೆಗೆ ಕಳಿಸಿ ಎಂದ ಡಾಕ್ಟರಮ್ಮ, ಟ್ರೇಯನ್ನು ಇಲ್ಲಿ ಇಟ್ಟವರು ಯಾರು ಎಂದು ಕೇಳಿದರು. ಮೊದಲಿಂದ ಇಲ್ಲೇ ಇತ್ತು ಅಂದಳು ಸೊಸೆ, ತಲೆ ತಗ್ಗಿಸಿ.

ಅವಳಿಗೆ ಗೊತ್ತಿತ್ತು. ನರ್ಸುಗಳು ಬೀರುವಿಗೆ ಓಡಾಡುವುದನ್ನು ತಪ್ಪಿಸಲು ಆ ಟ್ರೇಯನ್ನು ನಾನೇ ಅಲ್ಲಿಟ್ಟು ಶಹಬ್ಬಾಸ್ ಅನ್ನಿಸಿಕೊಂಡ ಕಥೆಯನ್ನು ಮನೆಯಲ್ಲಿ ನಾನೇ ನೂರು ಸಲ ಕೊಚ್ಚಿಕೊಂಡಿದ್ದೆ. ನನ್ನ ಮಾನ ಕಾಯಲು ಬಾಯಿ ಮುಚ್ಚಿಕೊಂಡಿದ್ದಾಳೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

"ಅದನ್ನ ಅಲ್ಲಿಟ್ಟೋಳು ನಾನು, ಎಂಟು ವರ್ಷದ ಹಿಂದೆ," ಎಂದೆ ಬಾಗಿಲಿಂದಲೇ. "ತಪ್ಪು ನಂದು. ಕಂಡುಹಿಡಿದೋಳು ನನ್ನ ಸೊಸೆ. ಎರಡನ್ನೂ ಬರ್ಕೊಳ್ಳಿ."

ಹೇಳಿ ಒಳಗೆ ಹೆಜ್ಜೆ ಇಟ್ಟೆ. ಸೊಸೆ ಎಲ್ಲರೆದುರೇ ತಡೆದಳು.

"ಅತ್ತೆ, ಮೊದಲು ಕೈ ತೊಳ್ಕೊಂಡು ಬನ್ನಿ."

ಇಪ್ಪತ್ತೆರಡು ವರ್ಷದಲ್ಲಿ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಹೊರಗಿನ ನಲ್ಲಿಗೆ ಹೋಗಿ, ಅವಳು ಬಾಗಿಲಿಂದ ಸಾಕು ಅನ್ನುವ ತನಕ ಸೋಪು ಹಚ್ಚಿ ಉಜ್ಜಿದೆ.