ಆಕಾಶ ಗಟ್ಟಿಯಾಗಿದ್ದ ದಿನ

ನಾನೊಂದು ಪಚ್ಚೆ ಕಪೋತ. ಪಾರಿವಾಳದ ಬಳಗದವನೇ, ಆದರೆ ಪೇಟೆಯ ಪಾರಿವಾಳಗಳ ಹಾಗೆ ಕಟ್ಟಡದ ಸೂರಿನಲ್ಲಿ ಗುಂಪುಗಟ್ಟಿ ಕೂರುವವನಲ್ಲ. ದಟ್ಟ ಕಾಡಿನ ನೆಲವೇ ನನ್ನ ಅಂಗಳ. ಬಿಸಿಲು ಬಿದ್ದರೆ ನನ್ನ ರೆಕ್ಕೆ ಹಸಿರಾಗಿ ಮಿನುಗುತ್ತದೆ. ನೆರಳಿನಲ್ಲಿ ನಿಂತರೆ ಎಲೆಗಳ ನಡುವೆ ನಾನೂ ಒಂದು ಎಲೆ. ಎದೆಯದು ಪುನರ್ಪುಳಿ ಹಣ್ಣನ್ನು ಹಿಂಡಿದ ಗುಲಾಬಿಗೆಂಪು ಬಣ್ಣ, ಕೊಕ್ಕು ಕೆಂಪು, ನೆತ್ತಿಯ ಮೇಲೆ ಬೂದಿ ಬಳಿದಂಥ ಬಿಳುಪು.

ಸುಳ್ಯದಿಂದ ಘಟ್ಟದ ಕಡೆಗೆ ಏರುವ ರಸ್ತೆಯ ಒಂದು ತಿರುವಿನ ಕೆಳಗೆ, ಹಳ್ಳದ ಪಕ್ಕದ ಬೆತ್ತದ ಪೊದೆಯಲ್ಲಿ ನಾನು ಹುಟ್ಟಿದೆ. ನಮ್ಮ ಗೂಡೆಂದರೆ ಒಂದಷ್ಟು ಕಡ್ಡಿಗಳನ್ನು ಅಡ್ಡಾದಿಡ್ಡಿ ಇಟ್ಟದ್ದು, ಅಷ್ಟೇ. ಕೆಳಗಿನಿಂದ ನೋಡಿದರೆ ಆಕಾಶ ಕಾಣಬೇಕು, ಅಷ್ಟು ತೆಳು. ಅದರಲ್ಲಿ ನಾನು ಮತ್ತು ನನ್ನ ತಂಗಿ. ನಮ್ಮ ಜಾತಿಯಲ್ಲಿ ಅಪ್ಪನಿಗೂ ಹಾಲು ಬರುತ್ತದೆ. ಅಪ್ಪ ಅಮ್ಮನ ಗಂಟಲಚೀಲದಲ್ಲಿ ಊರುವ ಆ ಗಟ್ಟಿ ಹಾಲನ್ನು ನಾವು ಕೊಕ್ಕು ತೂರಿಸಿ ಕುಡಿಯುತ್ತಿದ್ದೆವು.

ರೆಕ್ಕೆಯಲ್ಲಿ ಗರಿ ಮೂಡಿದ ಹೊತ್ತಿಗೆ ಒಂದು ಕೆಂಬೂತ ಬಂತು. ಅದು ಹಾರಿ ಬರಲಿಲ್ಲ, ಪೊದೆಯ ಒಳಗಿಂದ ಕೊಂಬೆ ಕೊಂಬೆ ಹತ್ತುತ್ತ ಬಂತು. ನಾನು ಅದರ ಕೆಂಪು ಕಣ್ಣನ್ನು ನೋಡಿದೆ. ನನ್ನ ತಂಗಿಯೂ ನೋಡಿದಳು. ಅವಳು ನೋಡುತ್ತಲೇ ಇದ್ದಳು. ನಾನು ಗೂಡಿನಿಂದ ಕೆಳಗೆ ಉರುಳಿಬಿದ್ದೆ, ಬೀಳುತ್ತ ಬೀಳುತ್ತ ರೆಕ್ಕೆ ಬಡಿದೆ, ನೆಲ ಮುಟ್ಟುವ ಮೊದಲೇ ಹಾರುತ್ತಿದ್ದೆ. ನನ್ನ ಮೊದಲ ಹಾರಾಟ ಅದೇ. ಹಿಂದೆ ತಿರುಗಿ ನೋಡಿದಾಗ ಗೂಡು ಖಾಲಿಯಿತ್ತು.

ಅಂದು ಕಲಿತದ್ದು ಒಂದೇ ಪಾಠ. ಹೆದರಿಕೆಯಾದರೆ ಮೊದಲು ಹಾರಬೇಕು, ಆಮೇಲೆ ನೋಡಬೇಕು. ಮರಗಳ ನಡುವೆ, ನೆಲಕ್ಕೆ ಹತ್ತಿರವಾಗಿ, ನೇರವಾಗಿ, ಬಾಣದ ಹಾಗೆ. ನಮ್ಮವರೆಲ್ಲ ಹಾಗೆಯೇ ಹಾರುವುದು. ಕಾಡಿನಲ್ಲಿ ಅದು ಸರಿಯಾದ ಪಾಠವೇ ಆಗಿತ್ತು.

ದೊಡ್ಡವನಾದೆ. ತರಗೆಲೆ ಸರಿಸಿ ಬಿದ್ದ ಬೀಜ, ಅತ್ತಿಹಣ್ಣು ತಿನ್ನುತ್ತ, ಗೆದ್ದಲು ಸಿಕ್ಕರೆ ಅದನ್ನೂ ಬಿಡದೆ ಓಡಾಡಿಕೊಂಡಿದ್ದೆ. ನನ್ನ ಕೂಗು ಬಲು ತಗ್ಗಿನದು. ಯಾರೋ ದೂರದಲ್ಲಿ ಮೂಗಿನಲ್ಲೇ ‘ಹೂಂ... ಹೂಂ...’ ಎಂದ ಹಾಗೆ. ಆ ಕೂಗಿಗೆ ಒಬ್ಬಳು ಬಂದಳು. ನಾನು ಅವಳ ಮುಂದೆ ತಲೆ ತಗ್ಗಿಸಿ ಕುಣಿದೆ. ಅವಳು ಮೊದಲು ಬೀಜ ಹೆಕ್ಕುವವಳಂತೆ ನಟಿಸಿದಳು, ಆಮೇಲೆ ಪಕ್ಕಕ್ಕೆ ಬಂದು ನಿಂತಳು. ಅಂದಿನಿಂದ ನಾವು ಒಟ್ಟಿಗೇ ನೀರಿಗಿಳಿದೆವು, ಒಟ್ಟಿಗೇ ಹಾರಿದೆವು. ಅವಳು ಯಾವಾಗಲೂ ಒಂದು ಮಾರು ಮುಂದೆ.

ಆ ವರ್ಷವೇ ಕಾಡಿನ ಅಂಚಿನ ಹಳೆಯ ರಬ್ಬರ್ ತೋಟವನ್ನು ಕಡಿದು ಒಂದು ಮನೆ ಎದ್ದಿತು. ಕಟ್ಟಿಸುತ್ತಿದ್ದವನ ಹೆಸರು ದಾಮೋದರ. ಪುತ್ತೂರಿನಲ್ಲಿ ಅಂಗಡಿ ಕಟ್ಟಡಗಳನ್ನು ಕಟ್ಟಿಸುವ ಕಂಟ್ರಾಕ್ಟರ್. ಅವನು ಕಾಡಿನ ಕಡೆಗೆ ಕೈ ಬೀಸಿ ಕೆಲಸದವರಿಗೆ ಹೇಳಿದ್ದು ನನಗೆ ಕೇಳಿಸಿತ್ತು.

“ಈ ಬದಿಗೆ ಗೋಡೆಯೇ ಬೇಡ. ಮೇಲಿಂದ ಕೆಳಗಿನವರೆಗೆ ಗಾಜು. ನನ್ನ ತಂಗಿ ಮಲಗಿದಲ್ಲಿಂದಲೇ ಕಾಡು ಕಾಣ್ಬೇಕು.”

ಒಂದು ಲಾರಿ ಬಂತು. ಮರುದಿನ ನಾವು ಮರಗಳ ಸಂದಿನಿಂದ ಇಣುಕಿದಾಗ ಮನೆಯ ಆ ಬದಿ ಮಾಯವಾಗಿತ್ತು. ಅಲ್ಲಿ ಇನ್ನೊಂದು ಕಾಡಿತ್ತು. ಅದೇ ಮರಗಳು, ಅದೇ ಬಳ್ಳಿ, ಮೇಲೆ ಅದೇ ಆಕಾಶ. ರಾತ್ರಿ ಬೆಳಗಾಗುವುದರೊಳಗೆ ಕಾಡು ಇಷ್ಟು ಬೆಳೆಯಿತೇ ಎಂದು ಬೆರಗಾಯಿತು. ಅನುಮಾನ ಮಾತ್ರ ಬರಲಿಲ್ಲ. ಕಾಡು ಸುಳ್ಳು ಹೇಳುತ್ತದೆ ಎಂದು ಯಾವ ಹಕ್ಕಿ ತಾನೇ ಎಣಿಸೀತು?

ಒಂದು ಬೆಳಿಗ್ಗೆ ನಾವಿಬ್ಬರೂ ಕಾಡಿನಂಚಿನಲ್ಲಿ ಬೀಜ ಹೆಕ್ಕುತ್ತಿದ್ದೆವು. ತಲೆಯ ಮೇಲೆ ಗಿಡುಗದ ನೆರಳು ಹಾದುಹೋಯಿತು. ಮೊದಲು ಹಾರಿದೆವು. ಅವಳು ಮುಂದೆ, ನಾನು ಹಿಂದೆ. ಆ ಹೊಸ ಕಾಡಿನ ಎರಡು ಮರಗಳ ನಡುವೆ ಒಳ್ಳೆಯ ದಾರಿ ಕಾಣುತ್ತಿತ್ತು. ಅವಳು ಅದನ್ನೇ ಹಿಡಿದಳು.

ದಢ್ ಎಂದಿತು.

ಅವಳು ಗಾಳಿಯಲ್ಲೇ ನಿಂತುಬಿಟ್ಟಳು. ಹಾಗೆ ಹಕ್ಕಿ ನಿಲ್ಲುವುದನ್ನು ನಾನು ಎಂದೂ ಕಂಡಿರಲಿಲ್ಲ. ಯಾರೂ ಹಿಡಿದಿಲ್ಲ, ಯಾವ ಕೊಂಬೆಯೂ ಅಡ್ಡವಿಲ್ಲ, ಆದರೂ ಅವಳು ಮುಂದೆ ಹೋಗುತ್ತಿಲ್ಲ. ಅದೇನೆಂದು ಯೋಚಿಸುವಷ್ಟರಲ್ಲಿ ನಾನೂ ಆಕಾಶಕ್ಕೆ ಡಿಕ್ಕಿ ಹೊಡೆದೆ. ಆಕಾಶ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಎಚ್ಚರವಾದಾಗ ನಾನು ಯಾರದ್ದೋ ಅಂಗೈಯಲ್ಲಿದ್ದೆ. ಬೂದಿ, ಬೆಳ್ಳುಳ್ಳಿಯ ವಾಸನೆಯ ಕೈ. ಆ ಮನೆಯಲ್ಲಿ ಅಡುಗೆ ಮಾಡಿಕೊಂಡು ಕಾಯಿಲೆಯವಳನ್ನು ನೋಡಿಕೊಳ್ಳುತ್ತಿದ್ದ ಜಲಜಾಕ್ಷಿಯದು.

“ಅಕ್ಕಾ, ಇದಕ್ಕೆ ಜೀವ ಉಂಟು. ಇನ್ನೊಂದು ಹೋಯ್ತು.”

“ಎರಡನ್ನೂ ಇಲ್ಲಿ ತಾ,” ಎಂದಿತು ಒಳಗಿನಿಂದ ಒಂದು ದನಿ.

ಹಾಗೆ ನಾನು ವಾಸಂತಿಯ ಮಡಿಲಿಗೆ ಬಂದೆ. ದಾಮೋದರನ ತಂಗಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಕೆಲಸಕ್ಕೆ ಹೋಗುವಾಗ ಬಸ್ಸು ಮಗುಚಿ ಸೊಂಟದಿಂದ ಕೆಳಗೆ ಬಲವಿಲ್ಲದಾಗಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆ ನೋಡುತ್ತ ನೋಡುತ್ತ ಊಟ ಬಿಟ್ಟಿದ್ದಳಂತೆ, ಮಾತೂ ಬಿಟ್ಟಿದ್ದಳಂತೆ. ಅದಕ್ಕೇ ಅಣ್ಣ ಈ ಮನೆ ಕಟ್ಟಿಸಿದ್ದು. ಕಾಡು ಕಂಡ ಮೇಲೆ ಅವಳು ತಿನ್ನತೊಡಗಿದಳು, ನಗತೊಡಗಿದಳು. ಮನೆಯಿಂದ ಹೊರಗೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತದ್ದನ್ನು ಊರಿನವರು ನೋಡುವುದು ಅವಳಿಗೆ ಬೇಡವಾಗಿತ್ತು. ಇದೆಲ್ಲ ನನಗೆ ತಿಳಿದದ್ದು ನಂತರ, ಬುಟ್ಟಿಯೊಳಗೆ ಕುಳಿತು ಕಿವಿಗೊಟ್ಟಾಗ.

ಅವಳ ಬೆರಳುಗಳು ನನ್ನ ರೆಕ್ಕೆಯನ್ನು ಮೆಲ್ಲಗೆ ಬಿಡಿಸಿದವು.

“ಮುರಿದಿಲ್ಲ. ಉಳುಕಿದೆ. ಜಲಜಾ, ಬಾಯಿಗೆ ನೀರು ಹಾಕ್ಬೇಡ, ಗಂಟಲಿಗೆ ಸಿಕ್ಕಿಕೊಳ್ತದೆ. ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚು.”

ಬುಟ್ಟಿ ಬರುವ ಮೊದಲೇ ಅವಳು ನನ್ನನ್ನು ಮಡಿಲಲ್ಲಿಟ್ಟು ನನ್ನವಳನ್ನು ಕೈಗೆತ್ತಿಕೊಂಡಳು. ಜೋತುಬಿದ್ದ ಕುತ್ತಿಗೆಯನ್ನು ಬೆರಳಿನಿಂದ ಎತ್ತಿ ಹಿಡಿದು ತುಂಬ ಹೊತ್ತು ನೋಡಿದಳು.

“ಇದೇ ಮೊದಲಾ?”

ಜಲಜಾಕ್ಷಿ ಸೆರಗಿನ ತುದಿಯನ್ನು ಸುರುಳಿ ಸುತ್ತತೊಡಗಿದಳು.

“ಜಲಜಾ, ಕೇಳಿದ್ದು ನಿನ್ನನ್ನೇ.”

“ಅಲ್ಲ ಅಕ್ಕ. ಬೀಳ್ತಾ ಇರ್ತವೆ. ನೀವು ಏಳುವ ಮೊದಲು ಗುಡಿಸಿ ಹಾಕ್ತೇನೆ.”

“ಮತ್ತೆ ಆ ಶಬ್ದ? ಹಲಸಿನಕಾಯಿ ಬೀಳುದು ಅಂತ ಹೇಳಿದ್ದಲ್ವಾ ನೀನು?”

“ಅಣ್ಣನವರು ಹಾಗೆ ಹೇಳ್ಲಿಕ್ಕೆ ಹೇಳಿದ್ರು.”

ವಾಸಂತಿಯ ಮುಖದ ಬಣ್ಣ ಹೋಯಿತು. ಬೆಳಗಿನ ಕಾಫಿ ಕುಡಿಯುತ್ತ, ಹಸಿರು ನೋಡುತ್ತ ಅವಳು ಸುಖವಾಗಿ ಕೂರುತ್ತಿದ್ದ ಆ ಜಾಗದ ಕೆಳಗೆ, ಗಾಜಿನ ಬುಡದಲ್ಲಿ, ಸತ್ತವರನ್ನು ಗುಡಿಸಲಾಗುತ್ತಿತ್ತು. ಅವಳಿಗೆ ಅದು ಅಂದೇ ತಿಳಿದದ್ದು. ನನಗೂ ಅಂದೇ.

ಸಂಜೆ ದಾಮೋದರ ಬಂದ. ಬುಟ್ಟಿಯ ಸಂದಿನಿಂದ ನನಗೆ ಅವನ ಕೆಸರು ಮೆತ್ತಿದ ಬೂಟು ಮಾತ್ರ ಕಾಣುತ್ತಿತ್ತು.

“ನನಗೆ ಯಾಕೆ ಹೇಳ್ಲಿಲ್ಲ ಅಣ್ಣ?”

“ಹೇಳಿದ್ರೆ ಎಂತ ಮಾಡ್ತಿದ್ದಿ? ಪರದೆ ಹಾಕಿ ಪುನಃ ಗೋಡೆ ನೋಡ್ತಾ ಮಲಗ್ತಿದ್ದಿ. ನಿನ್ನನ್ನು ಆ ಸ್ಥಿತಿಯಲ್ಲಿ ಇನ್ನೊಮ್ಮೆ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ ವಾಸಂತಿ. ನಾಲ್ಕು ಹಕ್ಕಿ ಸತ್ರೆ ಸಾಯಲಿ.”

“ನನ್ನ ಹೆಸರಲ್ಲಿ ಸಾಯುದು ಬೇಡ.”

“ನಿನಗೋಸ್ಕರ ಅಲ್ವಾ ಕಟ್ಟಿದ್ದು?”

“ಹೌದು. ಅದಕ್ಕೇ ಹೇಳುದು. ಪರದೆ ಎಳಿ.”

ಬೂಟುಗಳು ಗಾಜಿನ ಕಡೆಗೆ ನಡೆದವು. ಪರದೆಯ ಬಳೆಗಳು ಸರ್ರೆಂದು ಸರಿದ ಸದ್ದಾಯಿತು. ಕೋಣೆ ಕತ್ತಲಾಯಿತು.

ಆ ಕತ್ತಲಲ್ಲಿ ನಾವಿಬ್ಬರೂ ಇದ್ದೆವು. ನನ್ನ ರೆಕ್ಕೆ ನಿಧಾನವಾಗಿ ಹಿಡಿತಕ್ಕೆ ಬಂತು, ಆದರೆ ವಾಸಂತಿ ಸೊರಗುತ್ತ ಹೋದಳು. ತಟ್ಟೆಯ ಅನ್ನ ಹಾಗೇ ಹಿಂದಕ್ಕೆ ಹೋಗುತ್ತಿತ್ತು. “ಎರಡು ತುತ್ತಾದ್ರೂ ತಿನ್ನಿ ಅಕ್ಕ,” ಎಂದು ಜಲಜಾಕ್ಷಿ ಗೋಗರೆಯುವುದು ಕೇಳುತ್ತಿತ್ತು. ಬಾಗಿಲಲ್ಲಿ ಆ ಬೂಟು ಬಂದು ನಿಂತು, ಹೊರಟುಹೋಗುತ್ತಿತ್ತು. ನಾನು ಬುಟ್ಟಿಯ ಮೂಲೆಯಲ್ಲಿ ಮುದುಡಿಕೊಂಡು ಅದೇ ಗಳಿಗೆಯನ್ನು ಮತ್ತೆ ಮತ್ತೆ ಕಾಣುತ್ತಿದ್ದೆ. ಗಾಳಿಯಲ್ಲಿ ನಿಂತುಬಿಟ್ಟ ನನ್ನವಳು.

ರೆಕ್ಕೆ ನೋಡಬೇಕೆಂದು ವಾಸಂತಿ ಒಂದು ದಿನ ಬುಟ್ಟಿಯ ಮೇಲಿನ ಬಟ್ಟೆ ತೆಗೆಸಿದಳು. ಬೆಳಕು ಬರುತ್ತಿದ್ದುದು ಪಕ್ಕದ ಗೋಡೆಯ ಸಣ್ಣ ಕಿಟಕಿಯಿಂದ ಮಾತ್ರ. ನಾನು ಅತ್ತ ಹಾರಿದೆ. ಅದರಲ್ಲಿ ಕಬ್ಬಿಣದ ಸರಳುಗಳಿದ್ದವು. ಅವು ಕಂಡದ್ದೇ ತಡ, ತಿರುಗಿ ಬೀರುವಿನ ಮೇಲೆ ಹೋಗಿ ಕುಳಿತೆ. ಜಲಜಾಕ್ಷಿ ಕೋಲಿನಿಂದ ಎಬ್ಬಿಸಿದಳು. ಮತ್ತೆ ಕಿಟಕಿಯ ಕಡೆ ಹೋದೆ, ಮತ್ತೆ ತಿರುಗಿದೆ.

“ನಿಲ್ಲು ಜಲಜಾ!” ವಾಸಂತಿ ಮೊಣಕೈ ಊರಿ ಎದ್ದಳು. “ನೋಡಿದ್ಯಾ? ಅಲ್ಲಿ ಸಹ ಗಾಜು ಉಂಟು. ಆದ್ರೆ ಸರಳು ಕಂಡು ತಿರುಗ್ತದೆ. ಅದಕ್ಕೆ ಕಾಣ್ಲಿಕ್ಕೆ ಎಂತಾದ್ರೂ ಬೇಕು, ಅಷ್ಟೇ! ಅಣ್ಣನಿಗೆ ಫೋನ್ ಮಾಡು.”

ದಾಮೋದರ ಬಂದು ಕೇಳಿದ. “ದೊಡ್ಡ ಗಾಜಿಗೆ ಸರಳು ಹಾಕಿದ್ರೆ ಜೈಲಿನ ಹಾಗೆ ಕಾಣ್ತದಲ್ಲ?”

“ಸರಳು ಯಾಕೆ? ಹಗ್ಗ ಸಾಕು. ಬೆರಳಿಗಿಂತ ಸಪೂರ ಹಗ್ಗ. ಸೂರಿನಿಂದ ಕೆಳಗೆ ಇಳಿಬಿಡು, ಒತ್ತೊತ್ತಾಗಿ. ಅದರ ಸಂದಿನಿಂದ ನನಗೆ ಕಾಡು ಕಾಣ್ತದೆ. ಅವಕ್ಕೆ ಹಗ್ಗ ಕಾಣ್ತದೆ.”

“ಊಟ ಮಾಡ್ತಿಯಾ ಹಾಗಾದ್ರೆ?” ಎಂದ ದಾಮೋದರ.

ಕೆಲಸದವರನ್ನು ಕರೆಯದೆ ಅವನೇ ಏಣಿ ಹತ್ತಿದ. ಹಗ್ಗಗಳು ಒಂದೊಂದಾಗಿ ಇಳಿದವು. ಪರದೆ ಸರಿಯಿತು. ಹಸಿರು ಬೆಳಕು ಕೋಣೆಯೊಳಗೆ ಸುರಿದಾಗ ವಾಸಂತಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯಿತು.

ನನ್ನನ್ನು ಬಿಡುವ ಹೊತ್ತು ಬಂದಾಗ ಜಲಜಾಕ್ಷಿ ಬುಟ್ಟಿ ಎತ್ತಿಕೊಂಡಳು. “ನಾನೇ ಬಿಡ್ತೇನೆ,” ಎಂದಳು ವಾಸಂತಿ. ಜಲಜಾಕ್ಷಿಯೂ ದಾಮೋದರನೂ ಅವಳ ಮುಖ ನೋಡಿದರು. ಅಣ್ಣ ಕುರ್ಚಿ ತಂದ, ಎತ್ತಿ ಕೂರಿಸಿದ, ಹೊಸ್ತಿಲು ದಾಟಿಸಿದ. ಅಂಗಳದ ಬಿಸಿಲು ಮುಖಕ್ಕೆ ಬಡಿದಾಗ ಅವಳು ಉಸಿರು ಬಿಗಿಹಿಡಿದಳು.

ಅವಳ ಅಂಗೈ ತೆರೆಯಿತು. ನಾನು ಹಾರಲಿಲ್ಲ.

ಎದುರಿಗೆ ಕಾಡಿತ್ತು, ಆಕಾಶವಿತ್ತು. ಆದರೆ ಅಂದೂ ಇದ್ದವಲ್ಲ? ಯಾವ ಗಾಳಿ ಮೆತ್ತಗಿದೆ, ಯಾವ ಗಾಳಿ ಕಲ್ಲಾಗಿದೆ ಎಂದು ಹೇಗೆ ತಿಳಿಯುವುದು? ನನ್ನ ಕಾಲು ಅವಳ ಬೆರಳನ್ನು ಹಿಡಿದುಕೊಂಡೇ ಇತ್ತು.

“ಹೆದರಿಕೆಯಾ?” ಅವಳು ಬಗ್ಗಿ ಪಿಸುಗುಟ್ಟಿದಳು. “ನನಗೂ ಆಗ್ತಾ ಉಂಟು ಮಾರಾಯ. ಆದ್ರೆ ಹೊರಗೆ ಬಂದೆ ನೋಡು.”

ಆ ಉಸಿರಿನ ಬಿಸಿ ತಾಗಿತೋ, ಒಳಗಿನ ಏನೋ ಒದೆಯಿತೋ, ನಾನು ಎದ್ದೆ. ಗಾಳಿ ದಾರಿ ಬಿಟ್ಟುಕೊಟ್ಟಿತು. ಕಾಡಿನೊಳಗೆ ಹೋಗಿ ಒಂದು ಕೊಂಬೆಯ ಮೇಲೆ ಕುಳಿತು ನಡುಗಿದೆ.

ಆಮೇಲೆ ಎಷ್ಟೋ ಮಳೆಗಾಲ ಕಳೆದವು. ಇನ್ನೊಬ್ಬಳು ಜೊತೆಯಾದಳು, ಮರಿಗಳಾದವು. ಒಮ್ಮೆ ಗಿಡುಗ ಅಟ್ಟಿಸಿಕೊಂಡು ಬಂದಾಗ ನಾನು ಮತ್ತೆ ಅದೇ ದಾರಿಯಲ್ಲಿ ಹಾರುತ್ತಿದ್ದೆ. ಎದುರಿಗೆ ಸಾಲು ಸಾಲು ಹಗ್ಗಗಳು ಕಂಡವು. ತಿರುಗಿದೆ. ರೆಕ್ಕೆಯ ತುದಿ ಹಗ್ಗಕ್ಕೆ ತಾಗಿತು, ಅಷ್ಟೇ. ಹಿಂದೆ ಬಂದ ಗಿಡುಗವೂ ತಿರುಗಿತು. ಅದೂ ಬದುಕಿತು.

ಈಗ ನನಗೆ ವಯಸ್ಸಾಗಿದೆ. ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ದಾಮೋದರ ಕಾಡಿನಂಚಿನಲ್ಲಿ ತಂಗಿಯ ಕುರ್ಚಿಗೆಂದು ಸಮತಟ್ಟಾದ ಒಂದು ದಾರಿ ಮಾಡಿಸಿದ್ದಾನೆ. ಸಂಜೆಯ ಹೊತ್ತು ಅದರ ಬದಿಯಲ್ಲಿ ನನಗೆ ಗೆದ್ದಲು ಸಿಗುತ್ತದೆ. ಅಣ್ಣ ತಂಗಿ ಅಲ್ಲಿಗೆ ಬರುತ್ತಾರೆ. ಗಾಲಿಯ ಸದ್ದಿಗೆ ನಾನು ಓಡುವುದಿಲ್ಲ. ನಾನು ಆ ಹಳೆಯ ಹಕ್ಕಿಯೇ ಎಂದು ಅವಳಿಗೆ ತಿಳಿದಿಲ್ಲ.

ಮೊನ್ನೆ ಅವರು ಅಲ್ಲಿ ನಿಂತಿದ್ದಾಗ ಹಳ್ಳದ ಆಚೆಗೆ ಏನೋ ಫಳಕ್ಕೆಂದು ಹೊಳೆಯಿತು. ಯಾರೋ ಹೊಸಬರು ಕಟ್ಟಿಸುತ್ತಿದ್ದ ಮನೆ. ಒಂದಲ್ಲ, ಮೂರು ಬದಿಗೂ ಗಾಜು. ಮೂರೂ ಬದಿಯಲ್ಲಿ ಕಾಡು ನಿಂತಿತ್ತು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು. ನನ್ನ ಮರಿಗಳು ಹಾರಾಡುವುದು ಆ ಬದಿಗೇ.

ವಾಸಂತಿಯೂ ಅದನ್ನೇ ನೋಡುತ್ತಿದ್ದಳು.

“ಅಣ್ಣ, ಅಲ್ಲಿಗೆ ಹೋಗುವ.”

“ಗುರುತು ಪರಿಚಯ ಇಲ್ಲದವರ ಮನೆಗಾ? ದಾರಿಯಲ್ಲಿ ಬಸ್‌ಸ್ಟ್ಯಾಂಡು, ಅಂಗಡಿ ಎಲ್ಲ ಸಿಗ್ತದೆ. ಜನ ಇರ್ತಾರೆ.”

“ಇರಲಿ. ನೋಡಿದ್ರೆ ನೋಡಲಿ. ಈಗಲೇ ಹೋಗುವ, ಕತ್ತಲಾಗುವ ಮೊದಲು. ತಳ್ಳು.”

ಗಾಲಿಗಳು ಜಲ್ಲಿಯ ಮೇಲೆ ಕರಕರ ಎನ್ನುತ್ತ ರಸ್ತೆಯ ಕಡೆ ಹೊರಟವು. ನಾನು ಒಂದಷ್ಟು ದೂರ ಅವರ ಹಿಂದೆಯೇ ನಡೆದೆ, ಆಮೇಲೆ ನಿಂತೆ.

ಇಷ್ಟು ವರ್ಷವಾದರೂ ನಾನು ಗಾಜನ್ನು ಕಂಡಿಲ್ಲ. ನನ್ನವಳನ್ನು ಕೊಂದದ್ದು ಹೇಗಿತ್ತು ಎಂದು ಕೇಳಿದರೆ ಕಾಡಿನ ಹಾಗಿತ್ತು ಎನ್ನಬೇಕಷ್ಟೇ. ಬೆಳಿಗ್ಗೆ ಎದ್ದು ಮೊದಲ ಸಲ ರೆಕ್ಕೆ ಬಿಚ್ಚುವಾಗ ಇವತ್ತಿಗೂ ಎದೆ ಒಮ್ಮೆ ನಿಲ್ಲುತ್ತದೆ.